ಮೋಲ್ಡ್ ಹಾಕಿದ ದಿವ್ಸ

...ಯಾಕಮ್ಮ ನಗ್ತೀರಾ? ಜ್ಞಾಪಕ ನೋಡಕ್ಕೆ ನೀವು ಐದಂಕಿ ಹೇಳಿದ್ರಿ, ನನ್ನ ಮಗ ಎರಡೇ ತಿರುಗಿ ಹೇಳ್ದ. ಅದಕ್ಕೆ ನಗೋದಾ? ನಗ್ಲಿಲ್ವಾ... ಸರಿ, ನಂಗೆ ಹಂಗ್ ಕಾಣ್ತು.

ನಂಗೊತ್ತಿಲ್ದಿರೋದೇನ್ ಕಂಡ್ಹಿಡಿದ್ರಿ ಡಾಕ್ಟ್ರಮ್ಮ? ಕಾಂಕ್ರೀಟ್‌ಗೆ ಒಂದು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ. ಇಷ್ಟೇ. ಹತ್ತು ವರ್ಷ ಹೇಳ್ಕೊಟ್ಟಿದ್ದೀನಿ ಈ ಗಂಗಾಧರಂಗೆ. ಬಾಂಡ್ಲಿ ಹಿಡ್ಕೊಂಡು ಮರಳಿನ ಗುಡ್ಡೆ ತಾವ ಹೋಗೋಷ್ಟರಲ್ಲಿ ಮರ್ತಿರ್ತಾನೆ. ನಿಂತ್ಕೊಂಡು ನನ್ನ ಮುಖ ನೋಡ್ತಾನೆ. ಕಿವೀಲಿ ಯಾರೋ ಮಾತಾಡ್ತಾರೆ ಅನ್ನೋ ಕಾಯಿಲೆ ಬಂದಿದ್ದು ಇಪ್ಪತ್ತನೇ ವರ್ಷಕ್ಕೆ. ಈ ಮಂದಬುದ್ಧಿ ಅದಕ್ಕೂ ಮುಂಚೆಯಿಂದ. ನಿಮ್ಮ ಮಾತ್ರೆಗೆ ಆ ದನಿ ಕಮ್ಮಿ ಆಯ್ತು, ಒಪ್ತೀನಿ. ತಲೆ ಮಾತ್ರ ಹಂಗೇ. ಹೊಡೀತಿದ್ರಾ ಅಂತೀರಾ? ಹೊಡ್ದಿದ್ದೀನಿ. ಬೈಲಪ್ಪ ಮೇಸ್ತ್ರಿ ಮಗ ಮೂರಂಕಿ ಮರೆತ್ರೆ ಆಳುಗಳು ಏನಂತಾರೆ?

ತಾಯಿ ಕಡೆಯಿಂದ ಬಂದಿದ್ದು ಅಂತ ಬರ್ಕೊಳ್ಳಿ. ನನ್ನ ಹೆಂಡ್ತಿ ಜಯಮ್ಮನ ಅಣ್ಣ ನಮ್ಮ ಚಿಕ್ಕಲಸಂದ್ರದ ಬಾವಿ ಕಟ್ಟೆ ಮೇಲೆ ಕೂತು ಒಬ್ನೇ ಮಾತಾಡ್ತಿದ್ದ. ನೆಂಟ್ರಿಗೆಲ್ಲಾ ಅದನ್ನೇ ಹೇಳ್ಕೊಂಡು ಬಂದಿದ್ದೀನಿ. ಜಯಮ್ಮ ಆಚೆ ಬೆಂಚ್ ಮೇಲೆ ಕೂತವ್ಳೆ. ಒಂದು ದಿನಾನೂ ಅವಳು ಅಲ್ಲ ಅಂದಿಲ್ಲ.

ಹೆರಿಗೇನಾ? ಅದ್ಯಾಕೆ ಈಗ? ...ಓ, ಹುಟ್ಟೋವಾಗ ತೊಂದ್ರೆ ಆಗಿದ್ರೆ ಕೆಲವ್ರಿಗೆ ಹಿಂಗಾಗ್ತದೆ ಅಂತೀರಾ. ಅದೊಂದೇ ಕಾರಣ ಅಲ್ಲ ಅಂತಾನೂ ಅಂತೀರಾ. ನಿಮಗೇ ಗ್ಯಾರಂಟಿ ಇಲ್ಲ. ಬರ್ಕೊಳ್ಳಿ, ಹೆರಿಗೆ ಸಲೀಸು. ಚಿಕ್ಕಲಸಂದ್ರದಲ್ಲೇ, ಮನೇಲೇ ಆಯ್ತು. ಹುಟ್ಟಿದ ತಕ್ಷಣ ಅತ್ತ. ಬೀದಿಗೆ ಬೀದೀನೇ ಎದ್ದು ಬರಂಗೆ ಅತ್ತ. ಈ ಕಿವಿಯಾರೆ ಕೇಳಿದ್ದೀನಿ.

ಯಾವತ್ತು ಅಂತಾನಾ? ಅದು ಮರೆಯೋ ದಿನ ಅಲ್ಲ. ಎಪ್ಪತ್ತಾರ್ನೇ ಇಸ್ವಿ, ಜಯನಗರದಲ್ಲಿ ನೀಲಕಂಠಪ್ಪೋರ ಮನೆ ತಾರಸಿಗೆ ಮೋಲ್ಡ್ ಹಾಕಿದ ದಿವ್ಸ. ಮೂವತ್ತಾಳು, ನಾನೊಬ್ನೇ ಮೇಸ್ತ್ರಿ. ಮಿಷಿನ್ ಇಲ್ಲ, ಕಾಂಕ್ರೀಟ್ ಎಲ್ಲಾ ಕೈಲೇ ಕಲ್ಸಿ ಮೇಲಕ್ಕೆ ಸಾಗ್ಸೋದು. ಮೋಲ್ಡ್ ಅರ್ಧಕ್ಕೆ ನಿಲ್ಲಿಸಂಗಿಲ್ಲ ಡಾಕ್ಟ್ರಮ್ಮ. ನಿಲ್ಸಿದ್ರೆ ಅಲ್ಲೊಂದು ಗೆರೆ ಕೂರ್ತದೆ, ಮಳೆಗಾಲಕ್ಕೆ ಅಲ್ಲೇ ಸೋರ್ತದೆ. ಬೆಳಿಗ್ಗೆ ಆರಕ್ಕೆ ಹತ್ತಿದೋನು ದೀಪ ಹಚ್ಚೋ ಹೊತ್ತಿಗೇ ಇಳಿದಿದ್ದು. ಕುಡಿಯೋ ನೀರೂ ಮೇಲಕ್ಕೇ ತರಿಸ್ಕೊಂಡೆ. ನೀಲಕಂಠಪ್ಪೋರು ಎಲ್ಲರೆದುರಿಗೆ ಶಲ್ಯ ಹೊದಿಸಿದ್ರು. ಈಗ್ಲೂ ಹೋಗಿ ನೋಡಿ. ಒಂದು ಹನಿ ಸೋರಿಲ್ಲ.

ಮಗು ಎಷ್ಟೊತ್ತಿಗಾ? ಮಧ್ಯಾಹ್ನ ಮೂರಕ್ಕೇನೋ...

...ಯಾಕಮ್ಮ, ಬರಿಯೋದು ನಿಲ್ಸಿದ್ರಿ?

ಕಿವಿಯಾರೆ ಅಂದ್ನಲ್ಲ, ಅದು... ಮಾತಿಗೆ ಹಂಗನ್ನಲ್ವಾ ಜನ? ಹಂಗ್ ನೋಡ್ಬೇಡಿ. ಏನಾದ್ರೂ ಕೇಳಿ. ಇಷ್ಟೊತ್ತೂ ಪಟಪಟ ಅಂತ ಕೇಳ್ತಿದ್ರಲ್ಲ.

...ಕೆಂಪಕ್ಕ ಇದ್ಲು, ಹೆರಿಗೆ ಮಾಡ್ಸೋಳು. ಅವಳ ಗಂಡನ್ನ ಸೈಕಲ್ ಮೇಲೆ ಕಳ್ಸಿದ್ಲು. ಒಂದ್ಸಲ ಅಲ್ಲ, ಎರಡ್ಸಲ. ಕೆಳಗೆ ನಿಂತು ಕೂಗ್ದ. ನೀರು ಹೋಗಿ ಎಷ್ಟೋ ಹೊತ್ತಾಯ್ತು, ಕೂಸು ಇಳೀತಿಲ್ಲ, ಜಲ್ಲಿ ತರೋ ಲಾರಿ ಕಳ್ಸು, ಆಸ್ಪತ್ರೆಗೆ ಸಾಗಿಸ್ಬೇಕು ಅಂತ. ನಾನು ಮೇಲಿಂದ್ಲೇ... "ಲಾರಿ ಕಳ್ಸಿದ್ರೆ ಕೆಲ್ಸ ನಿಲ್ತದೆ, ಸ್ವಲ್ಪ ತಡ್ಕೊಳ್ಳಕ್ಕೇಳು" ಅಂದೆ.

ಶಲ್ಯ ಹೊದ್ಕೊಂಡೇ ಮನೆಗೋದೆ. ಕೂಸು ಕೆಂಪಕ್ಕನ ತೊಡೆ ಮೇಲಿತ್ತು. ಹಸಿ ಸಿಮೆಂಟ್ ಬಣ್ಣ. ಹುಟ್ಟಿದಾಗ ಉಸ್ರೇ ಇರ್ಲಿಲ್ವಂತೆ. ಬೆನ್ನುಜ್ಜಿ, ಬಾಯಿಗೆ ಊದಿ, ಎಷ್ಟೋ ಹೊತ್ತಿಗೆ ಬಂತಂತೆ. ಅತ್ತಿದ್ದು ಮೂರನೇ ದಿನ.

ಎಲ್ಲಿಗೆ ಎದ್ರಿ? ಜಯಮ್ಮನ್ನ ಕರೆಯಕ್ಕಾ? ಬ್ಯಾಡಿ. ಅವಳು ಬಾಯ್ಬಿಡಲ್ಲ ಡಾಕ್ಟ್ರಮ್ಮ. ತನ್ನಣ್ಣನ್ನ ನಾನು ಊರೆಲ್ಲಾ ಆಡ್ಕೊಂಡಾಗ್ಲೂ ಬಿಡ್ಲಿಲ್ಲ.

ಕೂತ್ಕೊಳ್ಳಿ. ತಾಯಿ ಕಡೆ ಅಂತ ಬರ್ದಿದ್ರಲ್ಲ... ಮೊದ್ಲು ಅದನ್ನ ಹೊಡ್ದಾಕಿ.