ಮೂರು ತಿಂಗಳು ಬಿಟ್ಟಿ

ಕಡೂರು ಬಸ್ ನಿಲ್ದಾಣದಲ್ಲಿ ಅಜ್ಜಂಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ತಂದೆ, ಮಗಳು. ಮಗಳು ಆಗಷ್ಟೇ ಯಾವುದೋ ಖಾಸಗಿ ಶಾಲೆಯ ಸಂದರ್ಶನ ಮುಗಿಸಿ ಬಂದಿದ್ದಳು.

“ಮೊದ್ಲು ಮೂರು ತಿಂಗ್ಳು ಸಂಬಳ ಇಲ್ದೆ ಪಾಠ ಮಾಡ್ಬೇಕಂತೆ. ಆಗಲ್ಲ ಅಂದು ಎದ್ಬಂದೆ.”

“ಒಪ್ಕೊಂಡು ಸೇರ್ಕೋಬಾರ್ದಾ ನಿಶ್ಚಿತಾ?”

“ನಮ್ ತೋಟದ ಕಾಯಿ ಸುಲಿಯೋ ರಂಗಣ್ಣನ್ನ ಮೂರು ತಿಂಗ್ಳು ಬಿಟ್ಟಿ ಸುಲಿ ಅನ್ನು. ಬತ್ತಾನಾ?”

“ಅವ್ನ್ಯಾಕೆ ಬತ್ತಾನೆ? ಅವ್ನು ಕೂಲಿ ಮಾಡಿ ತಿನ್ನೋನು.”

“ಮತ್ತೆ ನಾನು?”

ತಂದೆ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ಡಿಗ್ರಿ ಓದಿ ಸರ್ಕಾರದ ನಿರುದ್ಯೋಗ ಭತ್ಯೆ ತಿಂದ್ಕೊಂಡು ಮನೇಲಿ ಕೂತವ್ಳೆ ಅಂತ ನಿಮ್ಮತ್ತೆ ಊರೆಲ್ಲ ಸಾರ್ತಾವ್ಳೆ.”

“ಅತ್ತೆ ರೇಷನ್ ಅಕ್ಕಿ ತರಲ್ವಾ? ಗೃಹಲಕ್ಷ್ಮಿ ದುಡ್ಡು ತಗೊಳ್ಳಲ್ವಾ?”

“ಅದು ಬೇರೆ.”

“ಹೆಂಗೆ ಬೇರೆ?”

“ಅವ್ಳನ್ನ ಯಾರೂ ಕಷ್ಟಪಟ್ಟು ಓದ್ಸಿಲ್ಲ ಕಣೇ.”

ಅಷ್ಟರಲ್ಲಿ ದೇವನೂರಿನ ಬಸ್ಸು ಬಂತು. ತಂದೆ ಎದ್ದವರು ದನಿ ತಗ್ಗಿಸಿದರು.

“ನಾಳೆ ಅತ್ತೆ ಮಗಳ ಮದ್ವೇಲಿ ಯಾರಾದ್ರೂ ಕೇಳಿದ್ರೆ ಕೆಲ್ಸ ಸಿಕ್ತು ಅನ್ನು.”

“ಸುಳ್ಳು ಹೇಳ್ಲಾ?”

“ಒಂದಿನದ್ ಮಾತು ಕಣವ್ವ.”

“ಹೇಳಲ್ಲ. ಬಿಟ್ಟಿ ದುಡೀರಿ ಅನ್ನೋರಿಗೇ ನಾಚ್ಕೆ ಇಲ್ಲ, ನಂಗ್ಯಾಕಪ್ಪ?”

“ಹಂಗಾದ್ರೆ ಮದ್ವೇಗೆ ಬರ್ಬೇಡ.”

“ಬರಲ್ಲ ಬಿಡು.”

ಇಬ್ಬರೂ ಬಸ್ಸು ಹತ್ತಿದರು. ಅವಳು ಮುಂದಿನ ಸೀಟಿನಲ್ಲಿ ಕೂತು ಕಿಟಕಿಯ ಕಡೆ ಸರಿದಳು. ಪಕ್ಕದಲ್ಲಿ ಜಾಗವಿತ್ತು. ತಂದೆ ಅದನ್ನು ದಾಟಿಕೊಂಡು ಹೋಗಿ ಬಸ್ಸಿನ ಹಿಂದುಗಡೆ ಕಂಬಿ ಹಿಡಿದು ನಿಂತರು.