ಜಲಜಮ್ಮನ ಬುಟ್ಟಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಆನಂದಪುರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಸಹೋದ್ಯೋಗಿಗಳೇ, ಹೊರಗಿನ ಬಿಸಿ ಕಾಫಿ ಬಿಟ್ಟು ಒಳಗೆ ಬಂದು ಕುಳಿತಿರುವ ಸಭಿಕರೇ,

ನಿವೃತ್ತನಾಗುವವನನ್ನು ಹೊಗಳುವುದು ನಮ್ಮಲ್ಲಿ ಪದ್ಧತಿ. ಸ್ವಾಗತ ಕೋರಿದ ತೃಪ್ತಿ ಮೇಡಂ, ‘ನಮ್ಮ ಇಂಜಿನಿಯರ್ ವಿಘ್ನೇಶ್ವರ ಸಾರ್ ಸಾಗರದ ಭಗೀರಥ’ ಎಂದರು. ಭಗೀರಥ ನೀರು ತಂದವನು. ನಾನು ತಂದದ್ದೂ ನೀರನ್ನೇ, ಆದರೆ ಕೆಳಗಿನಕೇರಿಯ ಮನೆಗಳ ಒಳಕ್ಕೆ.

ಗುಡ್ಡದ ಮಳೆನೀರು ಒಮ್ಮೆಲೇ ಕೇರಿಗೆ ನುಗ್ಗದಿರಲಿ ಎಂದೇ ಮೇಲುಗಡೆ ಆ ಸಣ್ಣ ಕೆರೆ ಕಟ್ಟಿದ್ದು. ನೀರಿನ ಜೊತೆ ಮಣ್ಣೂ ಬರುತ್ತದಲ್ಲ? ಯುಗಾದಿ ಕಳೆದು ಕೆರೆ ಬತ್ತಿದ ಮೇಲೆ ಕೇರಿಯ ಹೆಂಗಸರು ಬುಟ್ಟಿಯಲ್ಲಿ ಹೂಳು ಹೊತ್ತು ತಂದು ಹಿತ್ತಲಿನ ಬಸಳೆ, ಹರಿವೆಗೆ ಹಾಕುತ್ತಿದ್ದರು. ಕೆರೆಯ ಆಳವೂ ಉಳಿಯುತ್ತಿತ್ತು, ಸೊಪ್ಪೂ ಹುಲುಸಾಗಿ ಬರುತ್ತಿತ್ತು. ಅದಕ್ಕೆ ಯಾರೂ ಆದೇಶ ಹೊರಡಿಸಿರಲಿಲ್ಲ.

ಆದೇಶ ಹೊರಡಿಸಿದವನು ನಾನು. ಎಂಟು ವರ್ಷದ ಹಿಂದೆ ಕೆರೆ ಸುತ್ತ ಬೇಲಿ ಹಾಕಿಸಿದೆ, ವಾಕಿಂಗ್ ದಾರಿ ಮಾಡಿಸಿದೆ, ‘ಮಣ್ಣು ತೆಗೆದರೆ ಕಾನೂನು ಕ್ರಮ’ ಎಂದು ಬೋರ್ಡು ಬರೆಸಿದೆ. ಬೇಲಿ ನುಸುಳಿ ಬಂದ, ಸೊಪ್ಪು ಮಾರುವ ಜಲಜಮ್ಮನವರ ಬುಟ್ಟಿ ಕಿತ್ತುಕೊಂಡು ಸ್ಟೋರ್ ರೂಮಿಗೆ ಹಾಕಿಸಿದೆ. ವರ್ಷವರ್ಷ ಹೂಳು ತೆಗೆಯದಿದ್ದರೆ ಕೆರೆ ತುಂಬಿಹೋಗುತ್ತದೆ ಎಂದರು ಅವರು. ಇಂಜಿನಿಯರ್ ನೀವೋ ನಾನೋ ಎಂದು ಕೇಳಿದೆ.

ನನಗೇನು ಗೊತ್ತಿರಲಿಲ್ಲವೇ? “ಹೂಳು ಕೆರೇಲಿದ್ರೆ ಕೇಡು, ತ್ವಾಟಕ್ಕೆ ಬಂದ್ರೆ ಗೊಬ್ರ” ಎನ್ನುತ್ತಿದ್ದಳು ನಮ್ಮಮ್ಮ. ಬುಟ್ಟಿ ಕಿತ್ತುಕೊಂಡ ಆ ಬೇಸಿಗೆಯಲ್ಲೇ... ಇದನ್ನು ಹೇಳಬಾರದೆಂದುಕೊಂಡೇ ಬಂದಿದ್ದೆ. ಅದೇ ಕೆರೆಯಿಂದ ಎರಡು ಟ್ರ್ಯಾಕ್ಟರ್ ಹೂಳು ಹೊಸನಗರದ ನಮ್ಮ ತೋಟಕ್ಕೆ ಹೋಯಿತು. ಪರವಾನಗಿಗೆ ಸಹಿ ಹಾಕಿದ್ದೂ ನಾನೇ.

ಆಮೇಲೆ ಏಳು ಮಳೆಗಾಲದ ಹೂಳು ಕೂತಿತು. ಪ್ರತಿವರ್ಷ ಆಳ ಅಳೆಯಲು ನಾವು ತೂಬಿನ ಬಳಿಯೇ ಗಳ ಇಳಿಸುತ್ತಿದ್ದೆವು. ನೀರಿನ ಸೆಳೆತಕ್ಕೆ ಅಲ್ಲೊಂದು ಗುಂಡಿ ಉಳಿದಿತ್ತು. ಇಡೀ ಕೆರೆಯೇ ಹತ್ತು ಅಡಿ ಆಳ ಎಂದು ಬರೆದೆವು. ಕೆರೆಯ ನಟ್ಟನಡುವೆ ಕೊಕ್ಕರೆ ನಡೆದಾಡುತ್ತಿತ್ತು. ಇನ್ನು ಹಕ್ಕಿ ನೋಡಲು ಮಂಡಗದ್ದೆಗೆ ಹೋಗುವುದು ಬೇಡ ಎಂದು ತಮಾಷೆ ಮಾಡಿದವನೂ ನಾನೇ. ನೀವೆಲ್ಲ ನಕ್ಕಿರಿ.

ಹೋದ ಆಷಾಢದಲ್ಲಿ ಮಧ್ಯಾಹ್ನದ ಒಂದೇ ಮಳೆಗೆ ಕೆರೆ ಉಕ್ಕಿತು. ಪರಿಹಾರದ ಪಟ್ಟಿ ಹಿಡಿದು ಜಲಜಮ್ಮನವರ ಮನೆಗೆ ಹೋದೆ. ಹಿಂದಿನ ಗೋಡೆ ಬಿದ್ದಿತ್ತು. ಒಳಗೆ ಮೊಣಕಾಲುದ್ದ ಹೂಳು. ಬೈಯಲಿ ಎಂದು ತಲೆತಗ್ಗಿಸಿ ನಿಂತೆ. ಅವರು ಬೈಯಲಿಲ್ಲ.

“ಸಾರ್, ನನ್ನ ಬುಟ್ಟಿ ಆಫೀಸಲ್ಲೇ ಇದ್ಯಾ? ಕೊಟ್ರೆ ಮನೆ ಒಳಗಿನ ಹೂಳಾದ್ರೂ ತೆಗೀತೀನಿ.”

ಸಭಿಕರೇ, ನಾಚಿಕೆ ಎಂದರೇನೆಂದು ಅರವತ್ತನೇ ವಯಸ್ಸಿನಲ್ಲಿ ಕಲಿತೆ. ಅಂದಿನಿಂದ ಆ ಬುಟ್ಟಿ ನನ್ನ ಮೇಜಿನ ಕೆಳಗೇ ಇತ್ತು. ಹೋಗಿ ಕೊಡಲು ಮುಖವಿರಲಿಲ್ಲ.

ವಾಕಿಂಗ್ ದಾರಿಗೆ ನನ್ನ ಹೆಸರಿಡುತ್ತೇವೆಂದು ಅಧ್ಯಕ್ಷರು ಈಗ ತಾನೇ ಘೋಷಿಸಿದರು. ಕೈಮುಗಿಯುತ್ತೇನೆ, ಬೇಡ. ಆ ಬೋರ್ಡು ಕೀಳಿಸಿ. ಬೇಲಿಗೊಂದು ಗೇಟು ಇಡಿಸಿ, ಯುಗಾದಿ ಕಳೆದ ಮೇಲೆ ಅದರ ಬೀಗ ತೆಗೆಸಿ.

ಶಾಲು ಹೊದಿಸುವ ಮೊದಲು ಎರಡು ನಿಮಿಷ ಕೊಡಿ. ಜಲಜಮ್ಮನವರು ಕೊನೆಯ ಸಾಲಿನಲ್ಲಿದ್ದಾರೆ. ಬುಟ್ಟಿ ತಂದಿದ್ದೇನೆ, ಇಳಿದು ಹೋಗಿ ಕೊಡುತ್ತೇನೆ. ಅವರು ತೆಗೆದುಕೊಂಡರೆ ಶಾಲು ಹೊದಿಸಿ. ಇಲ್ಲವಾದರೆ ಮಡಿಸಿ ಒಳಗಿಡಿ.

ಇಷ್ಟು ಹೊತ್ತು ಸಹಿಸಿಕೊಂಡು ಕೇಳಿದ್ದಕ್ಕೆ ನಿಮಗೆ ಋಣಿ. ಮೊದಲು ಅವರಿಗೆ, ಆಮೇಲೆ ನಿಮಗೆಲ್ಲರಿಗೂ ನಮಸ್ಕಾರ.