ಎರಡು ಜೋಡಿ ತೂಕದ ಕಲ್ಲು

ಸ್ವಾತಂತ್ರ್ಯದ ನಂತರದ ಎರಡನೆಯ ಚುನಾವಣೆ ಮುಗಿದ ವರ್ಷ. ನಿಲಂಗಾದ ಬಸ್ ನಿಲ್ದಾಣದಲ್ಲಿ ನಾನು ಟಿಕೀಟಿನ ಸಾಲಿನಲ್ಲಿದ್ದೆ. ಕದ್ದು ಕೇಳಲಿಲ್ಲ, ಅವರೇ ಗಟ್ಟಿಯಾಗಿ ಮಾತಾಡುತ್ತಿದ್ದರು. ಮಠದ ಪೂಜಾರಿ ಹಾಲಯ್ಯನವರು ತುಂಬಿದ ಚೀಲವೊಂದರ ಮೇಲೆ ಕುಳಿತಿದ್ದರು. ದಾಳಿಂಬ ಎಂಬ ಊರಿನ ರೈತ ಮನ್ಮಥಪ್ಪ ಅವರೆದುರು ಕುಕ್ಕರಗಾಲಿನಲ್ಲಿದ್ದ.

“ಅಯ್ಯನೋರ, ವೈಜನಾಥಪ್ಪ, ತ್ರಿಂಬಕರಾವ್ ಇಬ್ಬರೂ ಕೂಡಿ ಇಲ್ಲೇ ಪ್ಯಾಟ್ಯಾಗ ಕಾಳು ಕೊಂಡು ಮಾರೋ ಅಡತಿ ಅಂಗಡಿ ತೆರದಾರಂತಲ್ರೀ?”

“ಹೌದು. ನಿನ್ನೆ ಪೂಜಾ ನಾನೇ ಮಾಡೀನಿ.”

“ನಿಜಾಮನ ಮ್ಯಾಲ ಪೊಲೀಸ್ ಆ್ಯಕ್ಷನ್ ಆದಾಗಿಂದ ಇಬ್ಬರದೂ ಒಂದೇ ಪಕ್ಷ, ಒಂದೇ ಜೀಪು. ಎರಡೂ ಇಲೆಕ್ಷನ್‌ದಾಗ ಒಬ್ಬರನ್ನೊಬ್ಬರು ಬಿಟ್ಟಿಲ್ಲ. ಅಂಥವರ ಮ್ಯಾಲ ಭರವಸಾ ಇಡಬಹುದಲ್ರೀ?”

“ತಕ್ಕಡಿ ಪೂಜಾಕ್ಕ ತೂಕದ ಕಲ್ಲು ತರ್ರಿ ಅಂದೆ. ಇಬ್ಬರೂ ತಮ್ತಮ್ಮ ಮನಿಯಿಂದ ಒಂದೊಂದು ಜೋಡಿ ತಂದ್ರು.”

“ಎರಡು ಜೋಡಿ ಯಾಕ್ರೀ? ತಗೊಳ್ಳಾಕೊಂದು, ಮಾರಾಕೊಂದೇನು?”

“ಅದು ನನಗ ಗೊತ್ತಿಲ್ಲಪ್ಪಾ. ಅಂವನ ಕಲ್ಲು ಇಂವಾ, ಇಂವನ ಕಲ್ಲು ಅಂವಾ ಕೈಯಾಗ ಹಿಡದು ಅಂದಾಜು ನೋಡಿದ್ರು. ಆಮ್ಯಾಲ ಇಬ್ಬರೂ ನಕ್ಕರು.”

“ಮತ್ತ ನೀವೇನ್ ಮಾಡಿದ್ರಿ?”

“ಎರಡಕ್ಕೂ ವಿಭೂತಿ ಹಚ್ಚಿ ಬಂದೆ.”

“ನಾಳೆ ನನ್ನ ತೊಗರಿ ಅಲ್ಲೇ ಹಾಕಲೇನ್ರೀ?”

“ಪೂಜಾ ಅಂತೂ ಚೊಲೋ ಆಗ್ಯದ.”

“ಪೂಜಾ ಕೇಳಲಿಲ್ರೀ ನಾ.”

ಉದಗೀರದ ಬಸ್ಸು ಬಂತು. ಹಾಲಯ್ಯನವರು ಎದ್ದು ಧೋತರದ ಧೂಳು ಕೊಡವಿಕೊಂಡರು.

“ಮನ್ಮಥಪ್ಪಾ, ಇದು ಮಠದ ಜೋಳ. ಉದಗೀರ ಪ್ಯಾಟಿಗೆ ಮಾರಾಕ ಒಯ್ಲಾಕತ್ತೀನಿ. ಬಸ್ಸಿನ ಮ್ಯಾಲ ಏರಸಾಕ ಒಂಚೂರು ಕೈ ಹಚ್ಚು.”